ಸುಳಿವು ಬರೆದವರು ಬಾಯಿ ಬಿಡಬಾರದು

ನಾವು ಏಳು ಜನ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೂತು ಪದಬಂಧಕ್ಕೆ ಸುಳಿವು ಹೊಸೆಯುವುದು ನಮ್ಮ ಹುಚ್ಚು. ಸೇರಿದ ಹೊಸತರಲ್ಲಿ ನಾನು ಬರೆದು ತಂದ ಸುಳಿವು ಓದುತ್ತಿದ್ದೆ, ಯಾರಿಗೂ ಉತ್ತರ ಹೊಳೆಯದಿದ್ದರೆ ತಡೆಯಲಾರದೆ ವಿವರಿಸಲು ಶುರುಮಾಡುತ್ತಿದ್ದೆ. ಗುಂಪಿನ ಹಿರಿಯ ಮೇಷ್ಟ್ರು ಒಂದು ದಿನ, "ಸುಮ್ಮನಿರಯ್ಯ. ಬಿಡಿಸೋರ ಮನೆ ಮನೆಗೂ ಹೋಗಿ ಹೀಗೇ ವಿವರಿಸ್ತೀಯಾ?" ಅಂದರು. ಅಲ್ಲಿಂದ ಅದೇ ನಮ್ಮ ಕಟ್ಟಳೆಯಾಯಿತು. ಸುಳಿವನ್ನು ಉತ್ತರವಿಲ್ಲದೆ ಚೀಟಿಯಲ್ಲಿ ಬರೆದು ನಡುವೆ ಇಡಬೇಕು. ಉಳಿದವರು ಗಟ್ಟಿಯಾಗಿ ಯೋಚಿಸುತ್ತಾ ಬಿಡಿಸಬೇಕು. ಬರೆದವರು ಕಿವಿ ಮಾತ್ರ ತೆರೆದಿರಬೇಕು.

ಒಂದು ಸುಳಿವು ಹೇಗೆ ಹದಕ್ಕೆ ಬಂತು ಅನ್ನುವುದನ್ನು ಹೇಳುತ್ತೇನೆ. ಉತ್ತರ 'ತಲೆಮಾರು'. ನಾನು ಬರೆದದ್ದು 'ತಲೆ ಮಾರುವ ಪೀಳಿಗೆ'. ಚೀಟಿ ಇಟ್ಟ ಮರುಕ್ಷಣವೇ ನಾಲ್ಕು ಜನ ನಕ್ಕರು, ಉತ್ತರವನ್ನೇ ಬರೆದುಕೊಟ್ಟಿದ್ದೆ. ಎರಡನೇ ಸಲ 'ಮಂಡೆ ಬಿಕರಿ ಮಾಡಿದ ಪೀಳಿಗೆ' ಅಂತ ತಿದ್ದಿದೆ. ಇದು ಚೆನ್ನಾಗಿದೆ ಅಂದುಕೊಂಡಿದ್ದೆ. ಗುಂಪಿನ ನರ್ಸ್ ಅಕ್ಕ ಹುಬ್ಬು ಗಂಟಿಕ್ಕಿದರು. "ಬಿಕರಿ ಮಾಡಿದ ಅಂದ್ರೆ ಮಾರಿದ. ಮಾರು ಎಲ್ಲಿದೆ ಇದರಲ್ಲಿ?" ನಿಜ, ಕ್ರಿಯಾಪದದ ರೂಪ ಹೊಂದುತ್ತಿರಲಿಲ್ಲ. ಮುಕ್ಕಾಲು ಗಂಟೆ ಹೆಣಗಿದ ಮೇಲೆ ಕಾಲೇಜು ಹುಡುಗನೊಬ್ಬ ಬಾಲ ಬದಲಿಸಿದ: 'ಮಂಡೆ ಬಿಕರಿ ಮಾಡು ಎನ್ನುವ ಪೀಳಿಗೆ (4)'. ಮಂಡೆ ತಲೆಯಾಯಿತು, 'ಬಿಕರಿ ಮಾಡು' ಮಾರು ಆಯಿತು, ಪೀಳಿಗೆ ಅರ್ಥವಾಗಿ ನಿಂತಿತು. ಕೊನೆಯ ಅಂಕಿ ಉತ್ತರ ತುಂಬುವ ಮನೆಗಳ ಎಣಿಕೆ. 'ಎನ್ನುವ' ಅನ್ನೋ ಒಂದು ಪದ ಎರಡೂ ಭಾಗಕ್ಕೆ ಸೇತುವೆ. (ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದವೂ ಹೌದು. ಆ ದಾರಿಯ ಸುಳಿವನ್ನು ಇನ್ನೊಂದು ಪದಬಂಧಕ್ಕೆ ಎತ್ತಿಟ್ಟಿದ್ದೇವೆ.)

ಸುಳಿವಿನಲ್ಲಿ ಅರ್ಥ ಇರಬೇಕು, ನ್ಯಾಯವಾದ ಪದದಾಟ ಇರಬೇಕು, ಇವೆರಡು ಬಿಟ್ಟು ಮತ್ತೇನೂ ಇರಬಾರದು. ಈ ಅಳತೆಗೋಲು ನಮ್ಮದಲ್ಲ. ಬ್ರಿಟನ್ನಿನ 'ಅಬ್ಸರ್ವರ್' ಪತ್ರಿಕೆಗೆ 1939ರಿಂದ ಪದಬಂಧ ಕಟ್ಟುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ ಎಂಬ ಶಾಲಾ ಮೇಷ್ಟ್ರದು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ 'ನ್ಯೂಯಾರ್ಕ್ ವರ್ಲ್ಡ್'ನಲ್ಲಿ ಮೊದಲ ಪದಬಂಧ ಅಚ್ಚುಮಾಡಿದಾಗ ಸುಳಿವುಗಳು ಬಹುಪಾಲು ನೇರ ಅರ್ಥಗಳಷ್ಟೇ. ಕಣ್ಣಾಮುಚ್ಚಾಲೆ ಆಮೇಲೆ ಸೇರಿದ್ದು.

ಇಂಗ್ಲಿಷಿನವರಿಗೆ ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವುದು ಸಲೀಸು. ನಮಗದು ಕಷ್ಟ. ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ ಒತ್ತಕ್ಷರ ಸಮೇತ. 'ಪುಸ್ತಕ'ಕ್ಕೆ ಮೂರೇ ಮನೆ. ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಇರುವುದರಿಂದ ಕಲಸಿದರೆ ಅರ್ಥವಿರುವ ಪದ ಸಿಗುವುದು ಅಪರೂಪ. ಬದಲಿಗೆ ತಿರುಗಿಸುವುದರಲ್ಲಿ ನಮಗೆ ಸುಗ್ಗಿ. 'ಹಿಂದಕ್ಕೆ ಹರಿದ ನದಿಗೆ ಇಪ್ಪತ್ತನಾಲ್ಕು ಗಂಟೆ (2)' ಅಂದರೆ ದಿನ. 'ಲಾಗ ಹಾಕಿದ ಕಪಿ ವಸಂತದ ಗಾಯಕ (2)' ಅಂದರೆ ಪಿಕ, ಕೋಗಿಲೆ. ಈ ಎರಡನೆಯದು ಮೊದಲು 'ಲಾಗ ಹಾಕಿದ ಕಪಿ ಹಾಡುತ್ತದೆ' ಎಂದಿತ್ತು. ಪಿಕ ನಾಮಪದ, 'ಹಾಡುತ್ತದೆ' ಕ್ರಿಯಾಪದ ಅಂತ ಜಗಳವಾಗಿ ಬದಲಾಯಿತು. ಹಳೆಯದೇ ಹೆಚ್ಚು ಮುದ್ದಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಒಂದು ಸಲ ಮಾನ ಹೋಯಿತು. ಅಡ್ಡಕ್ಕೆ 'ಮಧ್ಯಮ', ಉದ್ದಕ್ಕೆ 'ಮದ್ಯಪಾನ', ಎರಡೂ ಒಂದೇ ಮನೆಯಲ್ಲಿ ಹಾಯುವಂತೆ ಹಾಕಿದ್ದು ನಾನು. ಏಳು ಜನರೂ ಸುಳಿವು ತಿದ್ದುವ ಭರದಲ್ಲಿದ್ದೆವು, ಚೌಕವನ್ನು ಯಾರೂ ನೋಡಲಿಲ್ಲ. ಪ್ರತಿ ತೆಗೆಸಿ ಪರಿಚಯದವರಿಗೆ ಹಂಚಿದ ಮೇಲೆ ಒಬ್ಬರು ಕೇಳಿದರು, "ಇಲ್ಲಿ ಹೊಟ್ಟೆ ಸೀಳಬೇಕಾ, ಬೇಡ್ವಾ?" ಆಮೇಲಿಂದ ಸುಳಿವೇ ಬರೆಯದ ಒಬ್ಬರು ಬರೀ ಚೌಕ ಕಾಯುತ್ತಾರೆ. ವಾರಕ್ಕೊಬ್ಬರ ಸರದಿ.

ಇತ್ಯರ್ಥವಾಗದ ವ್ಯಾಜ್ಯವೆಂದರೆ ಸಂಧಿ. 'ಸೂರ್ಯನೂ ದೇವರಾಜನೂ ಬೆಸೆದುಕೊಂಡರೆ ಕವಿ (3)' ಎಂದು ಮೇಷ್ಟ್ರು ಬರೆದರು. ರವಿ, ಇಂದ್ರ, ಸೇರಿದರೆ ರವೀಂದ್ರ. ಇಂದ್ರನ 'ಇಂ' ಚೌಕದಲ್ಲಿ ಕಾಣುವುದೇ ಇಲ್ಲವಲ್ಲ, ಇದು ಮೋಸ ಅಂತ ಹುಡುಗನ ವಾದ. 'ಬೆಸೆದು' ಅಂತ ಹೇಳಿದ್ದೀನಲ್ಲ, ಇನ್ನೇನು ವ್ಯಾಕರಣ ಪಾಠ ಮಾಡಲಾ ಅಂತ ಮೇಷ್ಟ್ರು. ನಾನು ಮೇಷ್ಟ್ರ ಕಡೆ. ಕನ್ನಡದಲ್ಲಿ ಆಡುತ್ತಾ ಸಂಧಿಯನ್ನು ಆಚೆ ನಿಲ್ಲಿಸಿದರೆ ಅರ್ಧ ಮಜಾ ಹೋಯಿತು. ಸದ್ಯಕ್ಕೆ, ಬೆಸೆಯುವ ಸೂಚನೆ ಇದ್ದರೆ ಆಗಬಹುದು, ಆದರೆ ಒಂದು ಪದಬಂಧಕ್ಕೆ ಒಂದೇ ಅಂತ ರಾಜಿ.

ಸುಳಿವು ಸಿಗದ ಪದಗಳನ್ನು ಕಾರ್ಡಿನಲ್ಲಿ ಬರೆದು ಡಬ್ಬಿಯಲ್ಲಿ ಹಾಕಿಡುತ್ತೇವೆ. ಕಾರ್ಡು ಕೈಗೆ ಸಿಕ್ಕವರು ಹೊಳೆದದ್ದನ್ನು ಗೀಚಬಹುದು. ನಾನು ಹಾಕಿದ 'ಬೆಳದಿಂಗಳು' ಎರಡು ವರ್ಷ ಖಾಲಿ ಇತ್ತು. ಹೋದ ವಾರ ತೆಗೆದು ನೋಡಿದರೆ ಯಾರೋ ಪೆನ್ಸಿಲಿನಲ್ಲಿ 'ಬಾಲ ಬಹುವಚನ' ಅಂತ ಬರೆದಿದ್ದಾರೆ. 'ಗಳು' ಕಣ್ಣೆದುರಿಗೇ ಇತ್ತು. ಇನ್ನು 'ಬೆಳದಿಂ' ಉಳಿದಿದೆ.