7805ರ ಡೇಟಾಶೀಟ್ ಓದುವ ಬಗೆ

ಕನ್ನಡ ಮಾಧ್ಯಮದಿಂದ ಡಿಪ್ಲೊಮಾಗೆ ಬಂದವರಲ್ಲಿ ಹಲವರು ಡೇಟಾಶೀಟನ್ನು (ಐಸಿಯ ಗುಣ, ಮಿತಿಗಳನ್ನು ಕಂಪನಿ ಬರೆದುಕೊಡುವ ಹಾಳೆ) ಪಾಠದಂತೆ ಮೊದಲ ಸಾಲಿನಿಂದ ಓದತೊಡಗಿ ಎರಡನೇ ಪುಟಕ್ಕೇ ಸೋಲುತ್ತಾರೆ. ಇದು ಇಂಗ್ಲಿಷಿನ ಕೊರತೆಯಲ್ಲ, ಓದುವ ಕ್ರಮದ ತಪ್ಪು. ಒಂದು ಪ್ರಶ್ನೆ ಹಿಡಿದು ಒಳಗೆ ಹೋಗಿ. ಉದಾಹರಣೆಗೆ: 12 ವೋಲ್ಟ್ ಅಡಾಪ್ಟರಿನಿಂದ 7805 (ಸ್ಥಿರ 5 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ) ಬಳಸಿ 5 ವೋಲ್ಟಿನಲ್ಲಿ 0.5 ಆಂಪಿಯರ್ ತೆಗೆಯಬಹುದೇ?

ಐಸಿ ಮೇಲಿನ ಕಂಪನಿ ಗುರುತು ನೋಡಿ ಅದೇ ಕಂಪನಿಯ ಶೀಟ್ ತೆಗೆಯಿರಿ. ನಂಬರ್ ಒಂದೇ ಇದ್ದರೂ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಮೊದಲು ಪಿನ್ ಚಿತ್ರ. ಟಿಓ-220 ಪ್ಯಾಕೇಜಿನಲ್ಲಿ (ಲೋಹದ ಬೆನ್ನಿನ, ಮೂರು ಕಾಲಿನ ಆಕಾರ) ಅಕ್ಷರಗಳು ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಮೈನಸ್ 5 ವೋಲ್ಟ್ ಕೊಡುವ ಜೋಡಿ ಐಸಿ 7905ಕ್ಕೂ ಇದೇ ಎಂದುಕೊಂಡರೆ ಕೆಟ್ಟಿತು: ಅಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್.

ಮುಂದೆ ಎರಡು ಟೇಬಲ್. 'ಆಬ್ಸಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್' ಕೆಳಗೆ ಇನ್‌ಪುಟ್ 35 ವೋಲ್ಟ್ ಎಂದಿರುತ್ತದೆ. ಅಷ್ಟು ಕೊಟ್ಟು ನಡೆಸಬಹುದೆಂದಲ್ಲ. ಅದನ್ನು ದಾಟಿದರೆ ಐಸಿ ಹಾಳಾಗಬಹುದೆಂದು. ನಡೆಸುವ ಲೆಕ್ಕ 'ಎಲೆಕ್ಟ್ರಿಕಲ್ ಕ್ಯಾರಕ್ಟರಿಸ್ಟಿಕ್ಸ್' ಟೇಬಲಿನಲ್ಲಿದೆ. ಔಟ್‌ಪುಟ್‌ಗೆ ಮಿನಿಮಮ್ 4.8, ಟಿಪಿಕಲ್ 5, ಮ್ಯಾಕ್ಸಿಮಮ್ 5.2. ಟಿಪಿಕಲ್‌ಗೆ ಯಾರ ಗ್ಯಾರಂಟಿಯೂ ಇಲ್ಲ. ನಿಮ್ಮ ಸರ್ಕ್ಯೂಟಿಗೆ ಯಾವ ತುದಿ ತೊಂದರೆ ಕೊಡುತ್ತದೋ ಅದನ್ನು ಹಿಡಿಯಿರಿ. ಟೇಬಲಿನ ನೆತ್ತಿಯ ಸಣ್ಣಕ್ಷರದ ಸಾಲು ಬಿಡಬೇಡಿ, ಯಾವ ತಾಪಮಾನ, ಎಷ್ಟು ಕರೆಂಟಿನಲ್ಲಿ ಅಳೆದದ್ದೆಂದು ಹೇಳುವುದು ಅದೇ. ಡ್ರಾಪ್‌ಔಟ್, ಅಂದರೆ ಇನ್‌ಪುಟ್ ಔಟ್‌ಪುಟ್‌ಗಿಂತ ಕನಿಷ್ಠ ಎಷ್ಟು ಹೆಚ್ಚಿರಬೇಕೋ ಅದು, ಸುಮಾರು 2 ವೋಲ್ಟ್, ಆದ್ದರಿಂದ ಇನ್‌ಪುಟ್ 7ಕ್ಕಿಂತ ಇಳಿಯಬಾರದು. ಟ್ರಾನ್ಸ್‌ಫಾರ್ಮರ್ ಬಳಸಿದರೆ ರಿಪಲ್‌ನ (ಡಿಸಿಯಲ್ಲಿ ಉಳಿಯುವ ಏರಿಳಿತದ) ತಳವೂ 7ರ ಮೇಲೇ ಇರಬೇಕು.

ಕೆಪಾಸಿಟರ್ ಬಗ್ಗೆ ಬರುವ ವಾಕ್ಯದಲ್ಲಿ 'ಇಫ್' ಕೊನೆಯಲ್ಲಿರುತ್ತದೆ. ಕನ್ನಡದಲ್ಲಿ 'ಇದ್ದರೆ' ಎನ್ನುವ ಭಾಗ ಮೊದಲು ಬರುವುದರಿಂದ ಅಲ್ಲಿಂದಲೇ ಓದಿ: ಪವರ್ ಸಪ್ಲೈನ ಫಿಲ್ಟರ್ ಐಸಿಯಿಂದ ದೂರದಲ್ಲಿದ್ದರೆ ಇನ್‌ಪುಟ್‌ಗೆ 0.33 ಮೈಕ್ರೋಫ್ಯಾರಡ್ ಬೇಕು. ಉದ್ದನೆಯ ಪದಗುಚ್ಛದಲ್ಲಿ ಕೊನೆಯ ಪದವೇ ವಸ್ತು. 'ಔಟ್‌ಪುಟ್ ಶಾರ್ಟ್ ಸರ್ಕ್ಯೂಟ್ ಕರೆಂಟ್' ಅಂದರೆ ಒಂದು ಕರೆಂಟ್. ಉಳಿದದ್ದೆಲ್ಲ ಅದರ ವಿಶೇಷಣ.

ಇನ್ನು ಬಿಸಿ. ಹೆಚ್ಚಿನವರು ಬಿಡುವ ಸಾಲು ಇದೇ. 12ರಿಂದ 5 ಕಳೆದರೆ 7 ವೋಲ್ಟ್, 0.5ರಿಂದ ಗುಣಿಸಿದರೆ 3.5 ವ್ಯಾಟ್ ಐಸಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಥರ್ಮಲ್ ರೆಸಿಸ್ಟೆನ್ಸ್ (ಒಂದು ವ್ಯಾಟಿಗೆ ಎಷ್ಟು ಡಿಗ್ರಿ ಏರುತ್ತದೆಂಬ ಅಂಕಿ), ಜಂಕ್ಷನ್‌ನಿಂದ (ಐಸಿ ಒಳಗಿನ ಚಿಪ್‌ನಿಂದ) ಗಾಳಿಗೆ ವ್ಯಾಟಿಗೆ 65 ಡಿಗ್ರಿ ಎಂದಿದ್ದರೆ, ಏರಿಕೆ 227 ಡಿಗ್ರಿ! ಅಷ್ಟಾಗುವ ಮೊದಲೇ ಒಳಗಿನ ಥರ್ಮಲ್ ಶಟ್‌ಡೌನ್ (ಅತಿ ಬಿಸಿಯಾದಾಗ ತಡೆಯುವ ರಕ್ಷಣೆ) ಔಟ್‌ಪುಟನ್ನು ಬೀಳಿಸುತ್ತದೆ. ಲ್ಯಾಬಿನಲ್ಲಿ 'ಐಸಿ ಹೋಯ್ತು ಸಾರ್' ಎಂದು ಬರುವ ದೂರುಗಳಲ್ಲಿ ಕೆಲವು ಇದೇ. ಕೋಣೆ 40 ಡಿಗ್ರಿ, ಜಂಕ್ಷನ್ ಮಿತಿ 125 ಎಂದು ಹಿಡಿದರೆ ಉಳಿಯುವುದು 85. ಅದನ್ನು 3.5ರಿಂದ ಭಾಗಿಸಿದರೆ ಸುಮಾರು 24. ಜಂಕ್ಷನ್‌ನಿಂದ ಕೇಸ್‌ಗೆ (ಐಸಿಯ ಹೊರಮೈಗೆ) 5 ಕಳೆದರೆ 19. ಐಸಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟಿಗೂ ಸ್ವಲ್ಪ ಬಿಟ್ಟು, ವ್ಯಾಟಿಗೆ 15 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯ ಹೀಟ್‌ಸಿಂಕ್ ಕೇಳಿ ತನ್ನಿ. ಈ ಅಂಕಿ ಇಳಿದಷ್ಟೂ ಹೀಟ್‌ಸಿಂಕ್ ದೊಡ್ಡದಾಗುತ್ತದೆ, ಆದ್ದರಿಂದ ಸರ್ಕ್ಯೂಟ್ ಇಡುವ ಡಬ್ಬಿಯ ಅಳತೆಯನ್ನೂ ಬರೆದುಕೊಂಡು ಹೋಗಿ.