‘ಸಾಯ್ತೀನಿ’ ಅಂದರೆ ಯಾವಾಗ ಕಿವಿಗೊಡಬೇಕು: ಕೊರಿಯಾದ ಮಕ್ಕಳ ನಡುವೆ ಕಲಿತದ್ದು

ದಕ್ಷಿಣ ಕೊರಿಯಾದ ಸುವೊನ್‌ಗೆ ಬಂದ ಹೊಸದರಲ್ಲಿ ಇಲ್ಲಿನ ಮಕ್ಕಳ ಮಾತು ಕೇಳಿ ಗಾಬರಿಯಾಗುತ್ತಿತ್ತು. ಹಸಿವಾದರೂ ‘ಜುಕ್ಕೆಸ್ಸೊ’, ನಿದ್ದೆ ಬಂದರೂ ‘ಜುಕ್ಕೆಸ್ಸೊ’. ಸಾಯ್ತೀನಿ ಅಂತ ಅರ್ಥ. ಆಮೇಲೆ ಹೊಳೀತು, ನಾವೂ ‘ಸೆಕೆಗೆ ಸತ್ತೇ ಹೋದೆ’ ಅಂತೀವಲ್ಲ! ಆದರೆ ಈ ದೇಶದಲ್ಲಿ 9ರಿಂದ 24 ವರ್ಷದವರ ಸಾವಿಗೆ 2011ರಿಂದ ಆತ್ಮಹತ್ಯೆಯೇ ಮೊದಲ ಕಾರಣ. ಮಾತಿನ ವರಸೆ ಅಂತ ತಳ್ಳಿಹಾಕುವ ಹಾಗೂ ಇಲ್ಲ.

ಇಲ್ಲಿ ‘ಪೊಗೊ, ತುಕ್ಕೊ, ಮಾಲ್ಹಾಗಿ’ ಅನ್ನೋ, ಆತ್ಮಹತ್ಯೆ ತಡೆಯೋದನ್ನ ಕಲಿಸುವ ತರಬೇತಿ ಇದೆ. ನೋಡು, ಕೇಳು, ಮಾತಾಡು. ನಾನೂ ಒಮ್ಮೆ ಹೋಗಿ ಕೂತಿದ್ದೆ, ಅರ್ಧ ಅರ್ಥವಾಗಲಿಲ್ಲ. ಉಳಿದರ್ಧ ಕಲಿಸಿದ್ದು ಮಗಳ ಗೆಳತಿ.

ನೋಡಬೇಕಾದ್ದು ಪದವನ್ನಲ್ಲ, ಬದಲಾವಣೆಯನ್ನ. ಆ ಹುಡುಗಿ ಹಗ್ವೊನ್, ಅಂದರೆ ಟ್ಯೂಷನ್, ಮುಗಿಸಿ ರಾತ್ರಿ ನಮ್ಮನೆಗೆ ಬಂದು ಚಿತ್ರಾನ್ನ ಹಾಕಿಸಿಕೊಂಡು ತಿನ್ನುವವಳು. ಏಪ್ರಿಲ್ ಹೊತ್ತಿಗೆ ತಟ್ಟೆಯಲ್ಲಿ ಹಾಗೇ ಬಿಡತೊಡಗಿದಳು. ‘ಜುಕ್ಕೆಸ್ಸೊ’ ಅನ್ನುವುದೂ ನಿಂತುಹೋಗಿತ್ತು. ಒಂದು ದಿನ ಮೂರು ವರ್ಷ ಕೂಡಿಟ್ಟ, ನೆಚ್ಚಿನ ಹಾಡುಗಾರರ ಫೋಟೊಕಾರ್ಡ್‌ಗಳ ಆಲ್ಬಮ್ಮನ್ನೇ ಮಗಳ ಕೈಗಿಟ್ಟು ‘ನೀನೇ ಇಟ್ಕೋ’ ಅಂದಳು. ನಾನು ಎಂಥ ಒಳ್ಳೇ ಮನಸ್ಸು ಅಂದುಕೊಂಡೆ, ದಡ್ಡಿ. ಜೀವದಂತಿದ್ದ ವಸ್ತುವನ್ನ ಕೊಟ್ಟುಬಿಡೋದು, ನಿದ್ದೆ ಊಟ ಕೆಡೋದು, ‘ನಾನಿಲ್ಲದಿದ್ರೆ ಅಮ್ಮನಿಗೆ ಹಗುರ’ ಅನ್ನೋದು, ಬಹಳ ದಿನ ಮಂಕಾಗಿದ್ದವರು ಇದ್ದಕ್ಕಿದ್ದಂತೆ ಶಾಂತವಾಗೋದು, ಇಂಥವು ಕಂಡರೆ ಕಾಯಬೇಡಿ.

ಎಲ್ಲರ ಕಣ್ಣೂ ನವೆಂಬರ್‌ನ ಸುನುಂಗ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆ, ಮೇಲೆ. ಇಂಗ್ಲಿಷ್ ಆಲಿಸುವ ಪತ್ರಿಕೆಯ ಹೊತ್ತಿಗೆ ವಿಮಾನಗಳನ್ನೂ ತಡೆಯುತ್ತಾರೆ. ನನ್ನ ಕೇಳಿದರೆ ಶಾಲೆ ಶುರುವಾಗುವ ಮಾರ್ಚ್ ಕಡೆಗೂ ನೋಡಿ. ಹೊಸ ತರಗತಿ, ಚೆದುರಿದ ಗೆಳೆತನ, ಊಟದ ಹೊತ್ತಿಗೆ ಯಾರ ಪಕ್ಕ ಕೂರೋದು ಅನ್ನುವ ಭಯ, ಮೊಬೈಲ್ ಮೆಸೇಜಿನ ಕಾಕಾವ್‌ಟಾಕ್ ಗುಂಪಲ್ಲಿ ಮೂಲೆಗುಂಪಾಗೋದು. ಅಂಕವೊಂದೇ ಕಾರಣ ಅಂತ ಯಾವ ಮಗುವಿನ ವಿಷಯದಲ್ಲೂ ಹೇಳಕ್ಕಾಗಲ್ಲ.

ಕೇಳುವುದು ನೇರವಾಗಿರಲಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅನ್ನೋದು ಸುಳ್ಳು. ನನ್ನದು ಅಂಗಡಿ-ಮಾರುಕಟ್ಟೆ ಕೊರಿಯನ್. ಆದರೂ ಕೇಳಿದೆ: ‘ಆತ್ಮಹತ್ಯೆ ಮಾಡ್ಕೋಬೇಕು ಅನಿಸ್ತಿದೆಯಾ?’ ‘ಕ್ವೆನ್ಚಾನಾಯೊ’ ಅಂದಳು, ಪರವಾಗಿಲ್ಲ ಅಂತ. ನಾನು ಏಳಲಿಲ್ಲ, ಕಡಲೆಬೀಜ ಬಿಡಿಸ್ತಾ ಕೂತೆ. ಸುಮಾರು ಹೊತ್ತಾದ ಮೇಲೆ ಹೌದು ಅಂತ ತಲೆಯಾಡಿಸಿದಳು. ಆಗ ‘ಅಮ್ಮನ ಗತಿಯೇನು’, ‘ಎಲ್ಲರೂ ಓದ್ತಿಲ್ವಾ’ ಅನ್ನಬಾರದು. ಎಷ್ಟು ದಿನದಿಂದ, ಏನಾದರೂ ನಿರ್ಧಾರ ಮಾಡ್ಕೊಂಡಿದ್ದೀಯಾ ಅಂತ ಕೇಳಿ. ಹೌದು ಅಂದರೆ ಒಬ್ಬಳೇ ಬಿಡಬೇಡಿ, ಇಲ್ಲಿನ ತುರ್ತು ಸಂಖ್ಯೆ 119ಕ್ಕೆ ಕರೆ ಮಾಡಿ.

ಯಾರಿಗೂ ಹೇಳಬೇಡಿ ಅಂದಳು. ಮಾತು ಕೊಡಲಿಲ್ಲ, ನೀವೂ ಕೊಡಬೇಡಿ. ‘ಅಮ್ಮನಿಗೆ ಹೇಳೋಣ, ನಾನೂ ಜೊತೆಗೆ ಬರ್ತೀನಿ’ ಅಂದೆ. ಇಲ್ಲಿ ಮಕ್ಕಳಿಗೆ ಸಹಾಯವಾಣಿ 1388, ಎಲ್ಲರಿಗೂ 109, ಎರಡೂ ಹಗಲೂ ರಾತ್ರಿ ಸಿಗುತ್ತವೆ. ಎಷ್ಟೋ ಶಾಲೆಗಳಲ್ಲಿ ‘ವೀ ಕ್ಲಾಸ್’ ಅನ್ನುವ ಆಪ್ತಸಮಾಲೋಚನೆ ಕೊಠಡಿ ಇದೆ. ಕರ್ನಾಟಕದಲ್ಲಿ ಓದ್ತಿರೋರಿಗೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

ಅವಳ ತಾಯಿ ಮೊದಲು ಕೇಳಿದ್ದು, ‘ಶಾಲೆ ದಾಖಲೆಗೆ ಹೋಗುತ್ತಾ?’ ಕೋಪ ಬಂತು, ಆಮೇಲೆ ಪಾಪ ಅನಿಸಿತು. ಇಲ್ಲಿ ಆ ಭಯ ಮನೆಮನೆಯದು. ಪ್ರಾಥಮಿಕ 1 ಮತ್ತು 4, ಮಿಡಲ್ ಸ್ಕೂಲ್ ಮೊದಲ ವರ್ಷ, ಹೈಸ್ಕೂಲ್ ಮೊದಲ ವರ್ಷದವರಿಗೆ ಶಾಲೆ ನಡೆಸುವ ಮಾನಸಿಕ ತಪಾಸಣೆಯ ಫಲಿತಾಂಶ ವಿದ್ಯಾರ್ಥಿ ದಾಖಲೆಗೆ ಸೇರಲ್ಲ ಅಂತ ತಿಳಿಸಿ ಹೇಳಿದೆ. ಮಾರನೇ ದಿನ ಮೂವರೂ ಆಪ್ತಸಮಾಲೋಚನೆಗೆ ಹೋದೆವು.

ಜೂನ್‌ನಲ್ಲಿ ಬಂದು ಆಲ್ಬಮ್ ವಾಪಸ್ ಕೇಳಿದಳು. ಎಣಿಸಿದರೆ ಒಂದು ಕಾರ್ಡ್ ಕಡಿಮೆ. ಮಗಳಿಗೂ ಅವಳಿಗೂ ಜೋರು ಜಗಳ, ಒಳಗಿಂದ ‘ಜುಕ್ಕೆಸ್ಸೊ’ ಕೇಳಿಸ್ತಿತ್ತು. ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ.