ಜ್ವಾಲೆ ನುಂಗಿ ಓಡುವ ಪುಟ್ಟ ಎಂಜಿನ್: ಮನೆಯಲ್ಲೇ ಕಟ್ಟುವುದು ಹೇಗೆ?

ಸ್ಪಿರಿಟ್ ದೀಪದ ಕುಡಿಯನ್ನು ಸಣ್ಣ ರಂಧ್ರದ ಮೂಲಕ ಒಳಗೆಳೆದುಕೊಂಡು ‘ಟಪ್ ಟಪ್’ ಎಂದು ಓಡುವ ಎಂಜಿನ್ನನ್ನು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಎಂಜಿನ್ ಓಡದಿದ್ದರೆ ಅವರು ಬತ್ತಿಯನ್ನು ಮೇಲೆಳೆಯುತ್ತಾರೆ. ಬೆಂಕಿ ದೊಡ್ಡದಾಗಿ ಸಿಲಿಂಡರ್ ಮಿತಿಮೀರಿ ಕಾಯುತ್ತದೆ, ಎಂಜಿನ್ ಇನ್ನಷ್ಟು ಸೊರಗುತ್ತದೆ. ನಾನು ನೋಡಿದ ಮಟ್ಟಿಗೆ ದೋಷ ಇರುವುದು ಬಹುಪಾಲು ಸಿಲಿಂಡರಿನ ಒಳಮೈಯಲ್ಲಿ.

ಅದು ಏಕೆಂದು ತಿಳಿಯಲು ಎಂಜಿನ್ ನಡೆಯುವ ಬಗೆಯನ್ನು ತಿಳಿದಿರಬೇಕು. ಪಿಸ್ಟನ್ ಹೊರಕ್ಕೆ ಸರಿಯುವಾಗ ತೆರೆದ ರಂಧ್ರದಿಂದ ಉರಿಯುವ ಅನಿಲ ಒಳಬರುತ್ತದೆ. ಮುಕ್ಕಾಲು ದಾರಿ ಸಾಗಿದಾಗ ಕವಾಟ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕಿಬಿದ್ದ ಅನಿಲ ಸಿಲಿಂಡರಿನ ಗೋಡೆಗೆ ತಾಗಿ ತಣಿದಾಗ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿ ಪಿಸ್ಟನ್ನನ್ನು ಒಳಕ್ಕೆ ದೂಡುತ್ತದೆ. 1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕಮನ್ ಗಣಿಯ ನೀರೆತ್ತಲು ಕಟ್ಟಿದ ಯಂತ್ರದ ಉಪಾಯವೂ ಇಂಥದ್ದೇ. ಅಲ್ಲಿ ಹಬೆ ತಣಿದು ನೀರಾಗುತ್ತಿತ್ತು, ಇಲ್ಲಿ ಬಿಸಿ ಅನಿಲ ತಣಿದು ಕುಗ್ಗುತ್ತದೆ. 20 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮೇಲೆ ವಾತಾವರಣದ ಪೂರ್ಣ ಒತ್ತಡ ಬಿದ್ದರೂ ಅದು ಮೂರು ಕಿಲೋ ಚಿಲ್ಲರೆ ತೂಕಕ್ಕೆ ಸಮ, ನಮಗೆ ದಕ್ಕುವುದು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆಯಿರುವುದರಿಂದ, ಇಲ್ಲಿ ಕಟ್ಟುವವರು ಘರ್ಷಣೆಯ ವಿಷಯದಲ್ಲಿ ಇನ್ನಷ್ಟು ಜಿಪುಣರಾಗಿರಬೇಕು.

ಸಾಮಗ್ರಿಗೆ ಹೆಚ್ಚು ಅಲೆಯಬೇಕಾಗಿಲ್ಲ. ಸಿಲಿಂಡರಿಗೆ ಬೀಡು ಕಬ್ಬಿಣದ ತುಂಡು, ಪಿಸ್ಟನ್ನಿಗೆ ಗ್ರಾಫೈಟ್, ಓಟವನ್ನು ಹಿಡಿದಿಡುವ ಭಾರದ ಚಕ್ರಕ್ಕೆ (ಫ್ಲೈವೀಲಿಗೆ) 80 ಮಿ.ಮೀ. ವ್ಯಾಸದ, 10 ಮಿ.ಮೀ. ದಪ್ಪದ ಉಕ್ಕಿನ ಬಿಲ್ಲೆ, ಎರಡು ಸಣ್ಣ ಬಾಲ್ ಬೇರಿಂಗ್, ನಿಲ್ಲಿಸಲು ಅಲ್ಯೂಮಿನಿಯಂ ಪಟ್ಟಿ ಸಾಕು. ಅಚ್ಚು ತಯಾರಿಸುವ ಟೂಲ್‌ರೂಮುಗಳಲ್ಲಿ ಕಿಡಿಯಿಂದ ಲೋಹ ಕೊರೆಯುವ ಯಂತ್ರಕ್ಕೆ ಗ್ರಾಫೈಟ್ ಬಳಸುತ್ತಾರೆ. ಅಲ್ಲಿ ಉಳಿದ ತುಂಡನ್ನು ಕೇಳಿ ಪಡೆಯುವುದು ಲೇಸು. ಪಿಸ್ಟನ್ನಿಗೆ ಅಲ್ಯೂಮಿನಿಯಂ ಬೇಡವೇ ಬೇಡ. ನೂರು ಡಿಗ್ರಿ ಬಿಸಿಯೇರಿದರೆ 20 ಮಿ.ಮೀ. ಅಲ್ಯೂಮಿನಿಯಂ ಸುಮಾರು 0.046 ಮಿ.ಮೀ. ಹಿಗ್ಗುತ್ತದೆ, ಬೀಡು ಕಬ್ಬಿಣ ಅದರ ಅರ್ಧದಷ್ಟು ಮಾತ್ರ ಹಿಗ್ಗುತ್ತದೆ; ತಣ್ಣಗಿದ್ದಾಗ ಸರಾಗವಾಗಿ ಆಡುತ್ತಿದ್ದ ಪಿಸ್ಟನ್ ಎರಡು ನಿಮಿಷದಲ್ಲಿ ಕಚ್ಚಿಕೊಳ್ಳುತ್ತದೆ. ಗಾಜಿನ ಸಿರಿಂಜನ್ನೇ ಸಿಲಿಂಡರ್ ಮಾಡಿಕೊಳ್ಳುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಗಾಜು ಶಾಖವನ್ನು ಬೇಗ ದಾಟಿಸುವುದಿಲ್ಲ, ನೇರ ಜ್ವಾಲೆಗೆ ಬಿರುಕೂ ಬಿಡಬಹುದು.

ಮೊದಲು ಸಿಲಿಂಡರನ್ನು ಲೇತಿನಲ್ಲಿ ಬೋರ್ ಮಾಡಿ, ಅಂದರೆ ಪಿಸ್ಟನ್ ಆಡುವ ಒಳರಂಧ್ರ ಕೊರೆದು, ಕೊನೆಯ ಅಳತೆಗೆ 0.03 ಮಿ.ಮೀ. ಬಾಕಿ ಉಳಿಸಿಕೊಳ್ಳಬೇಕು. ಹೊರಮೈಗೆ ಶಾಖ ಬಿಟ್ಟುಕೊಡುವ ರೆಕ್ಕೆಗಳನ್ನು ಬೋರಿಗೆ ಮೊದಲೇ ಕೊರೆದುಕೊಳ್ಳಿ, ನಂತರ ಕೊರೆದರೆ ತೆಳುವಾದ ಗೋಡೆ ಸೊಟ್ಟಗಾಗುತ್ತದೆ.

ಇನ್ನು ಮುಂದಿನದು ಲ್ಯಾಪಿಂಗ್, ಅಂದರೆ ಉಜ್ಜುವ ಪುಡಿಯಿಂದ ಒಳಮೈಯನ್ನು ಸಮನಾಗಿ ಸವೆಸುವುದು; ಎಲ್ಲರೂ ಅವಸರ ಮಾಡುವ ಹಂತ. ಮರದ ಕಡ್ಡಿಗೆ ಎಮರಿ ಕಾಗದ ಸುತ್ತಿ ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ಉಜ್ಜುವವರನ್ನು ನಾನು ಬಹಳ ಕಂಡಿದ್ದೇನೆ. ಒಳಮೈ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಎರಡೂ ಬಾಯಿಗಳು ಓಲಗದ ತುದಿಯಂತೆ ಅಗಲವಾಗಿರುತ್ತವೆ. ಹೊಳಪನ್ನು ನಂಬಬೇಡಿ. ಸಿಲಿಂಡರಿಗಿಂತ ಉದ್ದವಾದ ಹಿತ್ತಾಳೆಯ ಸರಳನ್ನು ಬೋರಿನೊಳಗೆ ತುಸು ಬಿಗಿಯಾಗಿ ಕೂರುವಂತೆ ತಿರುವಿ, ಉದ್ದಕ್ಕೆ ಸೀಳಿ, ತುದಿಯಲ್ಲಿ ಮೊನೆಯುಳ್ಳ ತಿರುಪು ಹಾಕಿ. ತಿರುಪು ಬಿಗಿದಂತೆ ಸರಳು ಕೂದಲೆಳೆಯಷ್ಟು ಹಿಗ್ಗಬೇಕು. ಸರಳನ್ನು ಲೇತಿನಲ್ಲಿ ನಿಮಿಷಕ್ಕೆ 150–200 ಸುತ್ತಿನಲ್ಲಿ ತಿರುಗಿಸುತ್ತಾ, ಸಿಲಿಂಡರನ್ನು ಯಾವುದಕ್ಕೂ ಬಿಗಿಯದೆ ಬರಿಗೈಯಲ್ಲಿ ಹಿಡಿದು ಹಿಂದೆ ಮುಂದೆ ಎಡೆಬಿಡದೆ ಓಡಿಸಬೇಕು, ಅರ್ಧ ನಿಮಿಷಕ್ಕೊಮ್ಮೆ ತುದಿ ಬದಲಿಸಿಕೊಳ್ಳಬೇಕು. ಕೈಗವಸು ಹಾಕಿಕೊಳ್ಳಬಾರದು, ತಿರುಗುವ ಸರಳಿಗೆ ಅದು ಸಿಕ್ಕಿಕೊಂಡರೆ ಬೆರಳು ಉಳಿಯುವುದಿಲ್ಲ. ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಕೈಯೇ ಹೇಳುತ್ತದೆ: ಬಿಗಿಯಿರುವ ಕಡೆ ಎರಡು ಸಲ ಹೆಚ್ಚು ಓಡಿಸಿ, ಸಡಿಲವಿರುವ ಕಡೆ ನಿಲ್ಲದೆ ದಾಟಿಬಿಡಿ. ಸರಳಿಗೆ ಹಚ್ಚುವ ಉಜ್ಜುವ ಪುಡಿಯನ್ನು 400ರ ಸಂಖ್ಯೆಯಿಂದ ಆರಂಭಿಸಿ 600, 1000 ಎಂದು ನಯಗೊಳಿಸುತ್ತಾ ಹೋಗಿ (ಸಂಖ್ಯೆ ಏರಿದಷ್ಟೂ ಪುಡಿ ನಯ), ಪ್ರತಿ ಬದಲಾವಣೆಗೆ ಮುನ್ನ ಸೀಮೆಎಣ್ಣೆಯಲ್ಲಿ, ಆಮೇಲೆ ಬಿಸಿ ಸೋಪಿನ ನೀರಿನಲ್ಲಿ ತೊಳೆಯಿರಿ. ಬಿಳಿ ಬಟ್ಟೆಯಿಂದ ಒರೆಸಿದಾಗ ಕಪ್ಪು ಹತ್ತಬಾರದು. ಗ್ಯಾರೇಜಿನಲ್ಲಿ ಎಂಜಿನ್ ಕವಾಟ ಉಜ್ಜಲು ಬಳಸುವ ವಾಲ್ವ್ ಪೇಸ್ಟು ಆರಂಭಕ್ಕೇನೋ ಸರಿ. ಡಬ್ಬಿ ಹಳೆಯದಾಗಿದ್ದರೆ ಗಟ್ಟಿಕಟ್ಟಿದ ಹರಳು ಉದ್ದುದ್ದ ಗೀರೆಳೆಯುತ್ತದೆ, ನನ್ನ ಒಂದು ಸಿಲಿಂಡರ್ ಹಾಗೆಯೇ ಗುಜರಿ ಸೇರಿತು.

ಪೇಸ್ಟ್ ಹಚ್ಚಿ ಪಿಸ್ಟನ್ನನ್ನೇ ಸಿಲಿಂಡರಿನಲ್ಲಿ ಆಡಿಸಿ ಹೊಂದಿಸುವ ಕೆಲಸವನ್ನು ಎಂದೂ ಮಾಡಬೇಡಿ. ಪುಡಿಯು ಮೆತ್ತನೆಯ ಗ್ರಾಫೈಟಿನಲ್ಲಿ ಹೂತುಕೊಂಡು, ಎಂಜಿನ್ ಓಡಿದಷ್ಟು ಕಾಲವೂ ಸಿಲಿಂಡರನ್ನು ಸವೆಸುತ್ತಲೇ ಇರುತ್ತದೆ.

ಗ್ರಾಫೈಟನ್ನು ಒಣದಾಗಿಯೇ ತಿರುವಬೇಕು, ಉಳಿ ಹರಿತವಾಗಿರಬೇಕು. ಅದರ ಧೂಳು ವಿದ್ಯುತ್ತನ್ನು ಹರಿಯಬಿಡುವುದರಿಂದ ಮೋಟಾರಿನೊಳಗೆ ಸೇರದಂತೆ ಲೇತಿನ ಹಾಸಿನ ಮೇಲೆ ಒದ್ದೆ ದಿನಪತ್ರಿಕೆ ಹರಡಿ, ಮೂಗಿಗೆ ಮುಖಗವಸು ಕಟ್ಟಿಕೊಳ್ಳಿ. ಕೊನೆಯ ನೂರನೇ ಒಂದು ಮಿ.ಮೀ. ಅನ್ನು ಉಳಿಯಿಂದ ತೆಗೆಯುವ ಆಸೆ ಬಿಟ್ಟು, ಪಿಸ್ಟನ್ ತಿರುಗುತ್ತಿರುವಾಗ ಸಾದಾ ಬರೆಯುವ ಕಾಗದ ಒತ್ತಿ ಸವೆಸಿ. ಆಮೇಲೆ ಪರೀಕ್ಷೆ: ಸಿಲಿಂಡರನ್ನು ನೆಟ್ಟಗೆ ಹಿಡಿದು, ಕೆಳಬಾಯಿಯನ್ನು ಅಂಗೈಯಿಂದ ಮುಚ್ಚಿ, ಪಿಸ್ಟನ್ನನ್ನು ಮೇಲಿನಿಂದ ಬಿಡಿ. ಅದು ಗಾಳಿಯ ಮೇಲೆ ತೇಲಿದಂತೆ ನಿಧಾನವಾಗಿ ಇಳಿಯಬೇಕು, ಕೈ ತೆಗೆದೊಡನೆ ತಡೆಯಿಲ್ಲದೆ ಜಾರಿ ಬೀಳಬೇಕು. ಇದರಲ್ಲಿ ಒಂದು ಸರಿಬಂದು ಇನ್ನೊಂದು ಬಾರದಿದ್ದರೆ ಮುಂದಕ್ಕೆ ಹೋಗಬೇಡಿ.

ಕ್ರ್ಯಾಂಕ್ (ಪಿಸ್ಟನ್ನಿನ ಹಿಂದುಮುಂದಿನ ಓಟವನ್ನು ತಿರುಗುವಿಕೆಯಾಗಿಸುವ ತೋಳು), ಕಂಬ, ಫ್ಲೈವೀಲ್ ಇವನ್ನು ನೀವು ಆರಿಸಿಕೊಂಡ ನಕ್ಷೆಯಂತೆ ಮಾಡಿದರಾಯಿತು. ಬೇರಿಂಗಿನೊಳಗಿನ ಗ್ರೀಸನ್ನು ಮಾತ್ರ ಪೂರ್ತಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಬಿಡಬೇಕು. ಪಿಸ್ಟನ್ ಜೋಡಿಸುವ ಮೊದಲು ಫ್ಲೈವೀಲನ್ನು ಬೆರಳಿನಿಂದ ತಿರುವಿದರೆ ಅದು ಒಂದು ನಿಮಿಷವಾದರೂ ತಿರುಗುತ್ತಿರಬೇಕು.

ಕವಾಟಕ್ಕೆ 0.1 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ಬೇಕು. ಗ್ಯಾರೇಜಿನವರು ಸಂದಿ ಅಳೆಯಲು ಬಳಸುವ ಫೀಲರ್ ಗೇಜಿನ ಎಲೆ ಇದಕ್ಕೆ ಹೇಳಿಮಾಡಿಸಿದಂತಿದೆ. ದಾಡಿಯ ಬ್ಲೇಡೂ ಅಷ್ಟೇ ದಪ್ಪವಾದರೂ ಚಟ್ಟನೆ ಮುರಿಯುತ್ತದೆ. ಆರು ಮಿ.ಮೀ. ರಂಧ್ರದ ಮೇಲೆ ಪಟ್ಟಿ ಹಗುರವಾಗಿ ಒರಗಿಕೊಂಡು, ಕ್ಯಾಮ್ (ಕ್ರ್ಯಾಂಕಿನೊಡನೆ ತಿರುಗುವ ಉಬ್ಬುಳ್ಳ ಬಿಲ್ಲೆ) ತಳ್ಳಿದಾಗ ಪಕ್ಕಕ್ಕೆ ಸರಿಯಬೇಕು. ಬಿಗಿಯಾಗಿ ಒತ್ತಿಕೊಂಡಿರಬೇಕಾಗಿಲ್ಲ, ಮುಚ್ಚಿದ ಮೇಲೆ ಒಳಗಿನ ನಿರ್ವಾತವೇ ಅದನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ ಮರಳಿ ಒಳಗೆ ಬಂದಾಗ ಉಳಿದ ಅನಿಲ ಪಟ್ಟಿಯನ್ನು ಎತ್ತಿ ಹೊರಬೀಳಬೇಕು. ಪಟ್ಟಿ ಬಿಗಿಯಾಗಿದ್ದರೆ ಆ ಅನಿಲವನ್ನು ಒತ್ತುವುದರಲ್ಲೇ ಎಂಜಿನ್ನಿನ ಶಕ್ತಿಯೆಲ್ಲ ಮುಗಿಯುತ್ತದೆ. ಪಿಸ್ಟನ್ ಪೂರ್ತಿ ಒಳಗಿದ್ದಾಗ ಕವಾಟ ತೆರೆದು, ಕ್ರ್ಯಾಂಕ್ 120 ಡಿಗ್ರಿ ತಿರುಗುವ ಹೊತ್ತಿಗೆ ಮುಚ್ಚುವಂತೆ ಕ್ಯಾಮನ್ನು ಹೊಂದಿಸಿ. ಅದನ್ನು ಬೆಸೆಯದೆ ಸಣ್ಣ ತಿರುಪಿನಿಂದ ಹಿಡಿಸಿದರೆ ಆಮೇಲೆ ಆಚೀಚೆ ಸರಿಸಬಹುದು.

ದೀಪಕ್ಕೆ ಪಾಲಿಷ್ ಕೆಲಸದವರು ಬಳಸುವ ಸ್ಪಿರಿಟ್ ಸಾಕು. ಕೈಗೆ ಹಚ್ಚುವ ಸ್ಯಾನಿಟೈಜರ್ ಬೇಡ, ಅದರಲ್ಲಿನ ಗ್ಲಿಸರಿನ್ ಬತ್ತಿಯನ್ನು ಕಟ್ಟಿಹಾಕುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಳದಿಯಾಗಿ ಉರಿದು ಮಸಿ ಬಿಡುತ್ತದೆ. ಸ್ಪಿರಿಟಿನ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟವಾದ್ದರಿಂದ, ಆರಿತೆಂದು ಭಾವಿಸಿ ಮತ್ತೆ ಸುರಿಯಲು ಹೋಗಬೇಡಿ; ದೀಪ ತಣಿಯುವವರೆಗೆ ಕಾಯಿರಿ, ಒದ್ದೆ ಬಟ್ಟೆ ಪಕ್ಕದಲ್ಲಿರಲಿ.

ಓಡಿಸುವ ಮೊದಲು ಫ್ಯಾನ್ ಆರಿಸಿ. ಎಂಜಿನ್ ಕೆಟ್ಟಿದೆ ಎಂದು ನನ್ನ ಬಳಿ ತಂದವರೊಬ್ಬರ ಮನೆಯಲ್ಲಿ ಇದ್ದ ದೋಷ ಅದೊಂದೇ. ಜ್ವಾಲೆಯ ಕುಡಿ ರಂಧ್ರಕ್ಕೆ ಎರಡು ಮೂರು ಮಿ.ಮೀ. ದೂರದಲ್ಲಿರಲಿ, ಒಂದು ನಿಮಿಷ ಸಿಲಿಂಡರ್ ಬೆಚ್ಚಗಾಗಲಿ. ಬೆಂಕಿಯಲ್ಲಿ ಹುಟ್ಟುವ ನೀರಿನ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟಿದರೆ ಪಿಸ್ಟನ್ ಅಂಟಿಕೊಳ್ಳುತ್ತದೆ. ಸಿಲಿಂಡರಿನೊಳಗೆ ಎಣ್ಣೆ ಬಿಡಬೇಡಿ, ಗ್ರಾಫೈಟೇ ಅದರ ಎಣ್ಣೆ. ಫ್ಲೈವೀಲನ್ನು ತಿರುವಿ ಬಿಟ್ಟಾಗ ಕುಡಿಯು ಪ್ರತಿ ಸುತ್ತಿಗೂ ರಂಧ್ರದತ್ತ ಬಾಗಿ ಒಳಗೆ ಹೋಗುತ್ತಿದ್ದರೆ ದೀಪದ ಜಾಗ ಸರಿಯಿದೆ. ಬಾಗದೆ ನೆಟ್ಟಗೇ ಉರಿಯುತ್ತಿದ್ದರೆ ದೀಪವನ್ನು ಕೂದಲೆಳೆಯಷ್ಟು ಹತ್ತಿರ ಸರಿಸಿ ನೋಡಿ. ಆಟ ಮುಗಿದ ಮೇಲೆ ಪಿಸ್ಟನ್ನನ್ನು ಹೊರತೆಗೆದು ಸಿಲಿಂಡರನ್ನು ಒಣಬಟ್ಟೆಯಿಂದ ಒರೆಸಿಡಿ. ತೇವ ಉಳಿದರೆ ಮರುದಿನ ಬೆಳಿಗ್ಗೆಗೆಲ್ಲ ಬೀಡು ತುಕ್ಕು ಹಿಡಿದು, ಲ್ಯಾಪಿಂಗನ್ನು 600ರ ಪುಡಿಯಿಂದ ಮತ್ತೆ ಆರಂಭಿಸಬೇಕಾಗುತ್ತದೆ.